ಬೈಯಲು ಒಬ್ಬರು ಬೇಕು

ಆ ಕಾಲೇಜಿನಲ್ಲಿ ಆನ್‌ಲೈನ್ ಪಾಠದ ಸಾಫ್ಟ್‌ವೇರ್ ಒಂದು ಇತ್ತು. ವರ್ಷಗಳಿಂದ ಇತ್ತು, ಕೆಲಸವನ್ನೂ ಮಾಡುತ್ತಿತ್ತು. ಆದರೆ ಅದಕ್ಕೆ ಯಾರೂ ಕಾಸು ಕೊಟ್ಟಿರಲಿಲ್ಲ, ಅದರ ಮುಂದೆ ಯಾರೂ ರಿಬ್ಬನ್ ಕತ್ತರಿಸಿರಲಿಲ್ಲ. ಹಾಗಾಗಿ ಅದು ಇದೆ ಎಂದು ಯಾರಿಗೂ ಅನ್ನಿಸಿರಲಿಲ್ಲ. ಪ್ರಿನ್ಸಿಪಾಲರು ಯಾವುದೋ ಸಮ್ಮೇಳನಕ್ಕೆ ಹೋಗಿ ಒಂದು ಚೀಲ, ಒಂದು ಪೆನ್ನು ಮತ್ತು "ಎಲ್ಲ ಕಡೆ ಇದೆಯಂತೆ, ನಮ್ಮಲ್ಲಿ ಮಾತ್ರ ಇಲ್ಲ" ಎಂಬ ಅವಮಾನವನ್ನು ಹೊತ್ತು ತಂದರು. ಆ ದಿನದಿಂದ, ಇದ್ದದ್ದು ಅಧಿಕೃತವಾಗಿ ಇಲ್ಲವಾಯಿತು.

ಇದ್ದದ್ದನ್ನು ಕಟ್ಟಿದವಳು ಗಣಿತದ ಮೇಡಂ. ಭೌತಶಾಸ್ತ್ರದ ಲ್ಯಾಬಿನ ಮೂಲೆಯಲ್ಲಿ, ಮುರಿದ ತಕ್ಕಡಿಗಳನ್ನು ತುಂಬಿಟ್ಟ ಕಪಾಟಿನ ಪಕ್ಕ, ಯಾರಿಗೂ ಬೇಡವಾದ ಒಂದು ಕಂಪ್ಯೂಟರ್ ಇತ್ತು. ಬಿಸಿಯಾಗುತ್ತದೆಂದು ಅದರ ಒಂದು ಪಕ್ಕದ ತಗಡು ಬಿಚ್ಚಿ, ಹೊಟ್ಟೆಗೆ ನೇರವಾಗಿ ಟೇಬಲ್ ಫ್ಯಾನ್ ಇಟ್ಟಿದ್ದಳು. ಅದರೊಳಗೆ ಓಪನ್ ಸೋರ್ಸ್ ಸಾಫ್ಟ್‌ವೇರ್ ಹಾಕಿದ್ದಳು. ಓಪನ್ ಸೋರ್ಸ್ ಎಂದರೆ, ಯಾರೋ ಪುಣ್ಯಾತ್ಮರು ಬರೆದು, ತಗೊಳ್ಳಿ, ಬಿಚ್ಚಿ ನೋಡಿ, ಬೇಕಾದರೆ ತಿದ್ದಿಕೊಳ್ಳಿ ಎಂದು ಲೋಕದ ಮುಂದೆ ಇಟ್ಟುಬಿಟ್ಟದ್ದು. ಹಿತ್ತಲ ಗಿಡ ಮದ್ದಲ್ಲ ಎನ್ನುವವರಿಗೆ ಇದು ಹಿತ್ತಲದ್ದೂ ಅಲ್ಲ, ಊರ ಬಯಲಿನ ಗಿಡ.

ಅದನ್ನು ಬಳಸುತ್ತಿದ್ದವರು ಗಣಿತದಲ್ಲಿ ಫೇಲಾಗಿ ಕಾಲೇಜು ಬಿಟ್ಟು, ಮತ್ತೆ ಪರೀಕ್ಷೆ ಕಟ್ಟುವವರು. ಮೇಡಂ ಅಂಥವರ ಪಕ್ಕದಲ್ಲಿ ಕೂತು, ಒಬ್ಬೊಬ್ಬರು ಎಲ್ಲೆಲ್ಲಿ ಎಡವುತ್ತಾರೆಂದು ನೋಡಿ ನೋಡಿ ಪ್ರಶ್ನೆಗಳನ್ನು ಮಾಡಿದ್ದಳು. ತಪ್ಪು ಉತ್ತರ ಒತ್ತಿದರೆ ಅದು ಬರೀ ತಪ್ಪು ಎನ್ನುತ್ತಿರಲಿಲ್ಲ. "ಬ್ರಾಕೆಟ್ ಬಿಚ್ಚುವಾಗ ಮೈನಸ್ಸನ್ನು ಮೊದಲನೆಯದಕ್ಕೆ ಮಾತ್ರ ಕೊಟ್ಟೆ. ಎರಡನೆಯದೇನು ಮಲಮಗುವೇ?" ಎನ್ನುತ್ತಿತ್ತು. ಓದಿದವರು ನಗುತ್ತಿದ್ದರು, ಮುಂದಿನ ಸಲ ಎರಡನೆಯದಕ್ಕೂ ಕೊಡುತ್ತಿದ್ದರು.

ಅವರಲ್ಲಿ ಒಬ್ಬಳು ಬೇಕರಿಯಲ್ಲಿ ನಿಂತು ಬ್ರೆಡ್ಡು ಮಾರುವವಳು. ಅವಳ ಡಿಗ್ರಿ ಗಣಿತದ ಒಂದೇ ಒಂದು ಪೇಪರಿಗೆ ಸಿಕ್ಕಿಕೊಂಡು ಜೋತಾಡುತ್ತಿತ್ತು. ಅದು ಕೈಗೆ ಬಂದರೆ ಆಸ್ಪತ್ರೆಯ ಕಚೇರಿಯಲ್ಲಿ ಕೆಲಸ ಕೊಡುತ್ತೇವೆಂದು ಮಾತು ಕೊಟ್ಟಿದ್ದರು, ಆದರೆ ಈ ಪರೀಕ್ಷೆಯವರೆಗೆ ಮಾತ್ರ. ಒಬ್ಬ ಗಿರಾಕಿ ಹೋಗಿ ಇನ್ನೊಬ್ಬ ಬರುವುದರೊಳಗೆ ಕೌಂಟರಿನ ಕೆಳಗೆ ಫೋನ್ ಹಿಡಿದು ಒಂದು ಲೆಕ್ಕ ಮಾಡುತ್ತಿದ್ದಳು. ಪರೀಕ್ಷೆ ಹತ್ತಿರ ಬಂದಿತ್ತು.

ಇಂಥ ಹೊತ್ತಿನಲ್ಲಿ ಪ್ರಿನ್ಸಿಪಾಲರು ಕಮಿಟಿ ಮಾಡಿದರು.

ಪ್ರಿನ್ಸಿಪಾಲರ ಬಗ್ಗೆ ಒಂದು ಮಾತು ಹೇಳಬೇಕು. ಅವರು ಕೆಟ್ಟವರಲ್ಲ. ಇತಿಹಾಸ ಪಾಠ ಮಾಡಿಕೊಂಡಿದ್ದವರು, ಮೈಕಿಲ್ಲದ ಕಾಲದಲ್ಲಿ ಗಂಟಲು ಬೆಳೆಸಿದವರು. ಬೈದರೆ ಕೆಲಸ ಆಗುತ್ತದೆ ಎಂಬುದು ಅವರ ಆಡಳಿತಶಾಸ್ತ್ರದ ಮೊದಲ ಅಧ್ಯಾಯ, ಮತ್ತು ಕೊನೆಯದು. ನಲ್ಲಿ ಸೋರಿದರೆ ಪ್ಲಂಬರನ್ನು ಬೈಯುವರು, ಗಂಟೆ ತಡವಾದರೆ ಜವಾನನನ್ನು, ಫಲಿತಾಂಶ ಬಿದ್ದರೆ ಎಲ್ಲರನ್ನೂ. ಬೈದು ಮುಗಿದ ಮೇಲೆ ಮುಖ ಮಗುವಿನಂತೆ ಹಗುರಾಗುತ್ತಿತ್ತು. ಬೆಳಿಗ್ಗೆ ಬೈಸಿಕೊಂಡವರನ್ನೇ ಮಧ್ಯಾಹ್ನ ಕರೆದು, "ನಿಮ್ಮ ತಾಯಿಯ ಮಂಡಿನೋವು ಹೇಗಿದೆ?" ಎಂದು ಕೇಳುತ್ತಿದ್ದರು. ಹಾಗೆ ಆ ಕಾಲೇಜು ನಡೆದುಕೊಂಡು ಬಂದಿತ್ತು.

ಕಮಿಟಿಯಲ್ಲಿ ಅವರ ಜೊತೆ ವಾಣಿಜ್ಯ ವಿಭಾಗದ ಮುಖ್ಯಸ್ಥರಿದ್ದರು. ಎಲ್ಲ ಮಾತಿಗೂ ನಿಯಮಾವಳಿಯ ಒಂದು ಕಲಂ ಹೇಳುವುದರಿಂದ ಅವರಿಗೆ ಕಲಂ ಮೇಷ್ಟ್ರು ಎಂದೇ ಹೆಸರು. ಲೈಬ್ರರಿಯನ್ ಇದ್ದರು, ಅವರು ಎಲ್ಲ ಕಮಿಟಿಯಲ್ಲೂ ಇರುವವರು, ಯಾವುದರಲ್ಲೂ ಮಾತಾಡದವರು. ಕಂಪ್ಯೂಟರ್ ಬಗ್ಗೆ ಏನೋ ಗೊತ್ತಂತೆ ಎಂಬ ಆಪಾದನೆಯ ಮೇಲೆ ಗಣಿತದ ಮೇಡಮ್ಮನ್ನೂ ಸೇರಿಸಿಕೊಂಡಿದ್ದರು.

ಮೊದಲು ಕಂಪನಿಯವನು ಬಂದ. ಅಷ್ಟು ಒಳ್ಳೆಯ ಟೈ ಆ ಕಟ್ಟಡದೊಳಗೆ ಹಿಂದೆಂದೂ ಬಂದಿರಲಿಲ್ಲ, ಹಾಗಾಗಿ ಎಲ್ಲರೂ ಅವನನ್ನು ಟೈ ಎಂದೇ ಕರೆದರು. ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸಿದ. ವಿದ್ಯಾರ್ಥಿ ಸರಿ ಉತ್ತರ ಕೊಟ್ಟರೆ ಬಣ್ಣದ ಕಾಗದದ ಚೂರುಗಳು ಪರದೆಯ ತುಂಬ ಉದುರುತ್ತಿದ್ದವು. ತಪ್ಪಿದರೆ ಒಂದು ಗುಂಡು ಮುಖ ಅಳುತ್ತಿತ್ತು. ಮತ್ತೆ ಮತ್ತೆ ತಪ್ಪಿದರೆ ಆ ದಿನಕ್ಕೆ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಯಾಕೆ ತಪ್ಪಾಯಿತೆಂದು ಎಲ್ಲಿಯೂ ಬರಲಿಲ್ಲ. ಕಾಗದದ ಚೂರು ಉದುರಿದಾಗ ಪ್ರಿನ್ಸಿಪಾಲರು ತಲೆಯೆತ್ತಿ ಮೇಲೆ ನೋಡಿದರು.

ಮೇಡಂ ಎರಡು ಪ್ರಶ್ನೆ ಕೇಳಿದಳು. ತಾನು ಮಾಡಿಟ್ಟ ಪ್ರಶ್ನೆಗಳನ್ನು ಇದರೊಳಗೆ ತರಬಹುದೇ ಎಂಬುದು ಒಂದು. ನಮ್ಮಲ್ಲೇ ಲಕ್ಷಗಟ್ಟಲೆ ಇವೆ, ನಿಮ್ಮವು ಯಾತಕ್ಕೆ ಎಂದು ಟೈ ಬಹಳ ಪ್ರೀತಿಯಿಂದ ಹೇಳಿದ. ಫೇಲಾಗಿ ಹೊರಗಿರುವವರಿಗೂ ಇದು ಸಿಗುತ್ತದೆಯೇ ಎಂಬುದು ಇನ್ನೊಂದು. ತಮ್ಮದು ತಲೆ ಲೆಕ್ಕ, ತಲೆಯೊಂದಕ್ಕೆ ಇಷ್ಟು ಎಂದು ಅವನು ಹೇಳುತ್ತಿದ್ದಂತೆ ಕಲಂ ಮೇಷ್ಟ್ರು ಬಾಯಿ ಹಾಕಿ, ಅವರು ಹಾಜರಿ ರಿಜಿಸ್ಟರಿನಲ್ಲಿ ಇಲ್ಲ ಎಂದರು. ಅಲ್ಲಿಗೆ ಅವರಿಗೆ ತಲೆ ಇಲ್ಲವೆಂದು ತೀರ್ಮಾನವಾಯಿತು.

ಟೈ ಹೋದ ಮೇಲೆ ಮೇಡಮ್ಮಿನ ಸರದಿ. ಅವಳು ಎಲ್ಲರನ್ನೂ ಲ್ಯಾಬಿನ ಮೂಲೆಗೆ ಕರೆದುಕೊಂಡು ಹೋಗಿ ತೋರಿಸಿದಳು. ಎಲ್ಲರೂ ಫ್ಯಾನನ್ನು ನೋಡಿದರು. ಪುಕ್ಕಟೆ ಎಂಬ ಮಾತು ಕೇಳಿದೊಡನೆ ಅವರ ಮುಖದಲ್ಲಿ, ಬೀದಿಯಲ್ಲಿ ಸಿಕ್ಕ ಚಪ್ಪಲಿಯನ್ನು ಕಾಲಿಗೆ ಹಾಕಿ ನೋಡು ಎಂದರೆ ಬರುವ ಭಾವ ಬಂತು. ದುಡ್ಡು ಕೊಡದೆ ಬಂದದ್ದರಲ್ಲಿ ಏನೋ ಊನ ಇದ್ದೇ ಇರಬೇಕು. ಮೂರು ಕೊಟೇಷನ್ ಇಲ್ಲದೆ ಏನನ್ನೂ ಕೊಳ್ಳುವಂತಿಲ್ಲ, ಇದಕ್ಕೆ ಕೊಟೇಷನ್ ಕೊಡುವವರೇ ಇಲ್ಲವಲ್ಲ ಎಂದು ಕಲಂ ಮೇಷ್ಟ್ರು ಕೊರಗಿದರು. ಕೊಳ್ಳುತ್ತಿಲ್ಲವಲ್ಲ ಸರ್ ಎಂದು ಮೇಡಂ ಹೇಳಿದ್ದಕ್ಕೆ, ಕೊಳ್ಳದೆ ಇದ್ದರೆ ಅದು ನಮ್ಮದು ಹೇಗಾಯಿತು ಎಂದು ಕೇಳಿದರು.

ಆಮೇಲೆ ಅವರು ಕನ್ನಡಕ ಮೂಗಿನ ತುದಿಗೆ ತಂದು ಇನ್ನೊಂದು ಕೇಳಿದರು.

"ಅದೆಲ್ಲ ಬಿಡಿ ಮೇಡಂ. ನಾಳೆ ಇದು ಕೆಟ್ಟರೆ ಯಾರನ್ನ ಬೈಯೋದು?"

ಅಷ್ಟು ಹೊತ್ತಿನ ಮಾತಿನಲ್ಲಿ ಪ್ರಿನ್ಸಿಪಾಲರಿಗೆ ಪೂರ್ತಿ ಅರ್ಥವಾದ ಮೊದಲ ಪ್ರಶ್ನೆ ಅದು.

ಮೇಡಂ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಇಂಟರ್ನೆಟ್ಟಿನಲ್ಲಿ ಒಂದು ಕಟ್ಟೆಯಿದೆ, ಇದನ್ನು ಬಳಸುವವರೆಲ್ಲ ಅಲ್ಲಿ ಸೇರುತ್ತಾರೆ, ಕೇಳಿದರೆ ಯಾರಾದರೂ ಹೇಳಿಕೊಡುತ್ತಾರೆ. ಒಂದು ಸಲ ಅವಳು ಏನೋ ಕೇಳಿದ್ದಕ್ಕೆ, ಮುಖ ನೋಡದ ಯಾವನೋ ಒಬ್ಬ, ಕೇಳೋ ಮೊದಲು ಕೈಪಿಡಿ ಓದಬಾರದೇ, ಕಣ್ಣಿಲ್ಲವೇ ಎಂದು ಚೆನ್ನಾಗಿ ಉಗಿದು, ಅದರ ಕೆಳಗೇ ಉತ್ತರವನ್ನು ಸಾಲು ಸಾಲಾಗಿ ಬರೆದುಕೊಟ್ಟಿದ್ದ.

"ಅಂದ್ರೆ," ಎಂದರು ಕಲಂ ಮೇಷ್ಟ್ರು, "ಕಂಪನಿದಾದ್ರೆ ದುಡ್ಡು ಕೊಟ್ಟು ನಾವು ಬೈಬಹುದು. ಪುಕ್ಕಟೆದಾದ್ರೆ ಅವರೇ ನಮ್ಮನ್ನ ಬೈತಾರೆ. ಇದು ಯಾವ ಸೀಮೆ ನ್ಯಾಯ?"

ಕಂಪನಿಯ ಸಾಫ್ಟ್‌ವೇರನ್ನು ಒಂದು ತಿಂಗಳು ಪ್ರಯೋಗಕ್ಕೆ ತರಿಸುವುದೆಂದು ನಿರ್ಧಾರವಾಯಿತು. ಒಂದೇ ಒರೆಯಲ್ಲಿ ಎರಡು ಕತ್ತಿ ಇರಬಾರದೆಂದು ಲ್ಯಾಬಿನ ಕಂಪ್ಯೂಟರನ್ನು ಮುಚ್ಚಿಸಿದರು. ರಿಜಿಸ್ಟರಿನಲ್ಲಿ ಇಲ್ಲದವರು ಕಾಲೇಜಿನ ಯಂತ್ರದೊಳಗೆ ಇರಬಾರದೆಂಬ ಕಲಂ ಒಂದು ಸಿಕ್ಕಿ, ಫೇಲಾದವರ ಹೆಸರುಗಳನ್ನೆಲ್ಲ ಅಳಿಸಿದರು. ಪ್ರಶ್ನೆಗಳನ್ನು ಮಾತ್ರ ಮೇಡಂ ಮನೆಯ ಕಂಪ್ಯೂಟರಿಗೆ ನಕಲು ಮಾಡಿಕೊಂಡಳು.

ಮಾರನೆಯ ದಿನ ಮೇಡಂ ಬೇಕರಿಗೆ ಹೋದಾಗ ಆ ಹುಡುಗಿ ಬ್ರೆಡ್ಡು ಕಟ್ಟುತ್ತಾ, ತಲೆಯೆತ್ತದೆ ಕೇಳಿದಳು.

"ಮೇಡಂ, ಅದು ಓಪನ್ ಆಗ್ತಿಲ್ಲ. ನಾನೇನಾದ್ರೂ ತಪ್ಪು ಒತ್ತಿಬಿಟ್ನಾ?"

ಅವಳಿಗೆ ಹೊಳೆದದ್ದೇ ಅದು, ತಪ್ಪು ತನ್ನದೇ ಇರಬೇಕೆಂದು. ನೀನಲ್ಲ, ದೊಡ್ಡವರು ಒತ್ತಿದ್ದು ಎಂದು ಮೇಡಂ ಹೇಳಲಿಲ್ಲ. ರಿಪೇರಿ ನಡೀತಿದೆ, ಬರುತ್ತೆ ಎಂದಳು. ಹೇಳಿದ ಮೇಲೆ ಅದನ್ನು ನಿಜ ಮಾಡುವ ಹೊರೆ ಹೊತ್ತುಕೊಂಡು ಮನೆಗೆ ಬಂದಳು.

ಮನೆಯಲ್ಲಿ ಅತ್ತೆ ಇದ್ದರು. ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಪ್ಲಗ್ ಚುಚ್ಚಿ ಊರಿಗೂರಿಗೆ ಮಾತು ಕೂಡಿಸುತ್ತಿದ್ದವರು. ಈಗಲೂ ಯಾರು ಏನು ಹೇಳಿದರೂ ಮೊದಲು "ಹಲೋ, ಜೋರಾಗಿ" ಎನ್ನುವರು. ಸೊಸೆ ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಇಟ್ಟದ್ದು ಅವರಿಗೆ ಜೋರು ಮಾಡದೆಯೂ ಕೇಳಿಸಿತು. ಏನಾಯಿತೆಂದು ಕೇಳಿದರು. ಬೈಯುವುದಕ್ಕೆ ಜನ ಸಿಗಲಿಲ್ಲವೆಂದು ಒಳ್ಳೆಯದನ್ನು ಬಿಟ್ಟರಂತೆ ಎಂದು ಸೊಸೆ ಎಲ್ಲವನ್ನೂ ಹೇಳಿದಳು. ಅತ್ತೆ ನಗಲಿಲ್ಲ.

"ಅದರಲ್ಲಿ ತಪ್ಪೇನಿದೆ? ಲೈನ್ ಸಿಗಲಿಲ್ಲ ಅಂದ್ರೆ ಊರೆಲ್ಲ ನನ್ನನ್ನೇ ಬೈತಿತ್ತು. ಕಂಬ ಬಿದ್ದಿದ್ದು ಇನ್ನೆಲ್ಲೋ, ಬೈಗುಳ ಇಲ್ಲಿಗೆ. ಬೈದಾದ ಮೇಲೆ ಅವರೇ 'ಅಕ್ಕಾ, ಇನ್ನೊಂದ್ಸಲ ನೋಡಮ್ಮ' ಅಂತಿದ್ರು. ಬೈಸಿಕೊಳ್ಳೋಳು ನಾನೇ, ಆದರೆ ಪ್ಲಗ್ ಇದ್ದಿದ್ದು ನನ್ನ ಕೈಯಲ್ಲಿ. ಯಾರಿಗೆ ಮೊದಲು ಲೈನ್ ಕೊಡಬೇಕು ಅಂತ ನಾನೇ ನೋಡ್ತಿದ್ದೆ. ಹೆರಿಗೆ ನೋವು ಅಂದೋರಿಗೆ ಮೊದಲು. ಬೈದ ಸಾಹುಕಾರನಿಗೆ ಆಮೇಲೆ."

ಅಷ್ಟು ಹೇಳಿ, ಗ್ಯಾಸ್ ಸಣ್ಣ ಮಾಡು, ಹಾಲು ಉಕ್ಕುತ್ತಿದೆ ಎಂದರು.

ಕಂಪನಿಯ ಸಾಫ್ಟ್‌ವೇರ್ ಮೊದಲ ವಾರ ಮದುಮಗಳಂತೆ ನಡೆದುಕೊಂಡಿತು. ಪ್ರಿನ್ಸಿಪಾಲರು ದಿನಕ್ಕೊಮ್ಮೆ ಒಂದು ಸುಲಭದ ಪ್ರಶ್ನೆಗೆ ಉತ್ತರ ಕೊಟ್ಟು ಕಾಗದದ ಚೂರು ಉದುರಿಸಿಕೊಳ್ಳುತ್ತಿದ್ದರು. ಎರಡನೆಯ ವಾರ ಇಡೀ ಕಾಲೇಜಿಗೆ ಒಟ್ಟಿಗೆ ಒಂದು ಕಿರುಪರೀಕ್ಷೆ ಇಟ್ಟರು. ಎಲ್ಲರ ಪರದೆಯ ಮೇಲೂ ಒಂದು ಪುಟ್ಟ ಚಕ್ರ ಬಂದು ಸುತ್ತತೊಡಗಿತು. ಸುತ್ತಿತು, ಸುತ್ತಿತು, ಸುತ್ತುತ್ತಲೇ ಇತ್ತು. ತರಗತಿಗಳಲ್ಲಿ ಮೊದಲು ಮೌನ, ಆಮೇಲೆ ಗುಸುಗುಸು, ಕೊನೆಗೆ ಸಂತೆ.

ಪ್ರಿನ್ಸಿಪಾಲರು ಸಿಟ್ಟಾದರು ಎನ್ನುವುದಕ್ಕಿಂತ ಹುಮ್ಮಸ್ಸುಗೊಂಡರು ಎನ್ನಬೇಕು. ದುಡ್ಡು ಕೊಡಲಿರುವುದು ಇದಕ್ಕೇ ತಾನೆ? ಅಂಗಿಯ ತೋಳು ಮಡಿಚಿ, ನೀರು ಕುಡಿದು, ಕಮಿಟಿಯವರನ್ನೆಲ್ಲ ಕೋಣೆಗೆ ಕರೆದು ಕೂರಿಸಿ, ಟೈಗೆ ಫೋನ್ ಮಾಡಿದರು. ತಾನೀಗ ಬೇರೆ ಊರಿನ ಕಡೆ ನೋಡಿಕೊಳ್ಳುತ್ತಿದ್ದೇನೆ, ಸಹಾಯವಾಣಿಯ ನಂಬರ್ ಕಳಿಸುತ್ತೇನೆ ಎಂದು ಅವನು ಮೊದಲ ಬೈಗುಳ ಹುಟ್ಟುವ ಮುಂಚೆಯೇ ಫೋನಿಟ್ಟ.

ಸಹಾಯವಾಣಿಯಲ್ಲಿ ರೆಕಾರ್ಡು ಮಾಡಿದ ಹೆಣ್ಣುದನಿ ಸ್ವಾಗತ ಕೋರಿತು. ಇದಕ್ಕೆ ಒಂದು ಒತ್ತಿ, ಅದಕ್ಕೆ ಎರಡು ಒತ್ತಿ ಎಂದಿತು. ಬೈಯುವುದಕ್ಕೆ ಎಷ್ಟು ಒತ್ತಬೇಕೆಂದು ಹೇಳಲಿಲ್ಲ. ಪ್ರಿನ್ಸಿಪಾಲರು ತಡೆಯಲಾರದೆ ಶುರುಮಾಡಿಯೇ ಬಿಟ್ಟರು. ಅವರು ಉಸಿರು ತೆಗೆದುಕೊಳ್ಳಲು ನಿಂತಾಗ ಆ ದನಿ, "ಕ್ಷಮಿಸಿ, ನಿಮ್ಮ ಆಯ್ಕೆ ಅರ್ಥವಾಗಲಿಲ್ಲ" ಎಂದಿತು. ಆಮೇಲೆ ಸಂಗೀತ ಬಂತು, ಪಿಟೀಲು. ಪಿಟೀಲಿಗೆ ಬೈಯಲು ಆಗುವುದಿಲ್ಲ.

ಬಹಳ ಹೊತ್ತಿಗೆ ಒಂದು ಹುಡುಗಿ ಸಿಕ್ಕಳು. ಪ್ರಿನ್ಸಿಪಾಲರು ತಮ್ಮ ಜೀವಮಾನದ ಶ್ರೇಷ್ಠ ಬೈಗುಳಗಳಲ್ಲಿ ಒಂದನ್ನು ಬೈದರು. ಕಲಂ ಮೇಷ್ಟ್ರು ಮೆಚ್ಚಿ ತಲೆದೂಗಿದರು. ಎಲ್ಲ ಕೇಳಿಕೊಂಡ ಆ ಹುಡುಗಿ, "ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ ಸರ್. ನೀವು ಹೇಳಿದ್ದು ನೂರಕ್ಕೆ ನೂರು ಸರಿ" ಎಂದು ದೂರಿನ ನಂಬರ್ ಕೊಟ್ಟಳು. ಹತ್ತಿಯ ಮೂಟೆಗೆ ಗುದ್ದಿದ ಹಾಗಾಯಿತು. ಮತ್ತೆ ಮಾಡಿದರೆ ಇನ್ನೊಬ್ಬ ಹುಡುಗ, ಅವನಿಗೆ ಮೊದಲಿನಿಂದ ಹೇಳಬೇಕು. ಎರಡನೆಯ ಸಲ ಬೈದ ಬೈಗುಳಕ್ಕೆ ಉಪ್ಪಿರುವುದಿಲ್ಲ. ಅವನೂ ನೂರಕ್ಕೆ ನೂರು ಒಪ್ಪಿದ. ಕೊನೆಗೆ ಫೋನಿಗೆ ಒಂದು ಸಂದೇಶ ಬಂತು. ನಮ್ಮ ಸೇವೆ ಹೇಗಿತ್ತು, ದಯವಿಟ್ಟು ನಕ್ಷತ್ರ ಕೊಡಿ.

ಸಂಜೆಯ ಹೊತ್ತಿಗೆ ಚಕ್ರ ತಾನಾಗಿಯೇ ನಿಂತು ಎಲ್ಲ ಸರಿಹೋಯಿತು. ಯಾಕೆ ಕೆಟ್ಟಿತು, ಯಾಕೆ ಸರಿಯಾಯಿತು ಯಾರಿಗೂ ತಿಳಿಯಲಿಲ್ಲ. ಆದರೆ ಪ್ರಿನ್ಸಿಪಾಲರು ಸರಿಹೋಗಲಿಲ್ಲ. ಬೈದದ್ದು ಯಾರಿಗೂ ತಾಗದೆ ಹಾಗೇ ಹಿಂದಿರುಗಿ ಬಂದು ಎದೆಯಲ್ಲಿ ಕೂತಿತ್ತು. ಊಟದ ಡಬ್ಬಿ ತೆರೆಯದೆ ವಾಪಸು ಹೋಯಿತು. ಯಾರ ತಾಯಿಯ ಮಂಡಿನೋವನ್ನೂ ಅವರು ವಿಚಾರಿಸಲಿಲ್ಲ. ಇದು ಗುಮಾಸ್ತರಿಗೆ ನಿಜವಾಗಿ ದಿಗಿಲು ಹುಟ್ಟಿಸಿತು.

ತಿಂಗಳು ಮುಗಿಯುವ ಮೊದಲೇ ಕಮಿಟಿ ಕೂತಿತು. ಬೇಕರಿಯವಳ ಪರೀಕ್ಷೆಗೆ ಇನ್ನು ಕೆಲವೇ ವಾರ ಉಳಿದಿತ್ತು. ಕಲಂ ಮೇಷ್ಟ್ರು ಕಂಪನಿಯ ಒಪ್ಪಂದವನ್ನು ಎರಡು ಸಲ ಓದಿದ್ದರು. ದೂರು ಕೊಡಬಹುದು ಎಂದಿದೆ, ದೂರು ಸ್ವೀಕರಿಸುತ್ತೇವೆ ಎಂದಿದೆ, ಬೈಯಲು ಮನುಷ್ಯರನ್ನು ಕೊಡುತ್ತೇವೆಂದು ಎಲ್ಲೂ ಇಲ್ಲ ಎಂದು ವರದಿ ಒಪ್ಪಿಸಿದರು. ಅಷ್ಟು ದುಡ್ಡು ಕೊಟ್ಟರೂ ಇಲ್ಲವೇ ಎಂದು ಪ್ರಿನ್ಸಿಪಾಲರು ಕೇಳಿದರು. ಅಷ್ಟು ಕೊಟ್ಟರೂ ಇಲ್ಲ.

"ನನಗೆ ಒಬ್ಬ ಮನುಷ್ಯ ಬೇಕು ಕಣ್ರೀ," ಎಂದರು ಪ್ರಿನ್ಸಿಪಾಲರು. ಅವರ ದನಿ ಇಷ್ಟು ಮೆತ್ತಗಾದದ್ದನ್ನು ಆ ಕೋಣೆ ಕೇಳಿರಲಿಲ್ಲ.

ಮೇಡಂ ಕುರ್ಚಿ ಮುಂದಕ್ಕೆ ಎಳೆದುಕೊಂಡಳು.

"ನನ್ನನ್ನ ಬೈಯಿರಿ ಸರ್."

ಅವಳು ಬಿಡಿಸಿ ಹೇಳಿದಳು. ಕಾಲೇಜಿಗೆಲ್ಲ ಓಪನ್ ಸೋರ್ಸನ್ನೇ ಹಾಕೋಣ. ಅದರ ಹೊಣೆ ನನ್ನದು ಎಂದು ಬರೆದುಕೊಡುತ್ತೇನೆ. ಚಕ್ರ ಸುತ್ತಿದರೂ ನಾನೇ, ಸುತ್ತದಿದ್ದರೂ ನಾನೇ. ಸಹಾಯವಾಣಿ ಬೇಡ, ಮೆಟ್ಟಿಲಿಳಿದು ಬಂದರೆ ಲ್ಯಾಬಿನಲ್ಲಿ ಸಿಗುತ್ತೇನೆ. ಪಿಟೀಲು ಇರುವುದಿಲ್ಲ.

ಪ್ರಿನ್ಸಿಪಾಲರ ಮುಖಕ್ಕೆ ಕಳೆ ಬಂತು. ಕಲಂ ಮೇಷ್ಟ್ರಿಗೆ ಮಾತ್ರ ಪಾಪ ಅನ್ನಿಸಿತು. ಇದಕ್ಕೆ ಹೆಚ್ಚಿನ ಸಂಬಳವಿಲ್ಲ, ಮಧ್ಯಾಹ್ನದ ಬಿಡುವೂ ಉಳಿಯುವುದಿಲ್ಲ ಎಂದು ನೆನಪಿಸಿದರು.

"ಯೋಚನೆ ಮಾಡಿ ಮೇಡಂ. ಒಂದು ಸಲ ಬರೆದ್ರೆ ಆಯ್ತು, ಕರೆಂಟ್ ಹೋದ್ರೂ ನೀವೇ."

"ಗೊತ್ತು ಸರ್. ಆದ್ರೆ ಹೊಣೆ ಕೊಟ್ಟೋರಿಗೆ ಅಧಿಕಾರಾನೂ ಕೊಡಬೇಕು ಅಂತ ನಿಮ್ಮ ಕಲಂ ಏನಾದ್ರೂ ಇದ್ಯಾ?"

ಇತ್ತು. ಕಲಂ ಮೇಷ್ಟ್ರು ಸಂತೋಷದಿಂದಲೇ ಹುಡುಕಿ ಓದಿದರು. ಇದುವರೆಗೆ ಅವರನ್ನು ಯಾರೂ ಕಲಂ ಕೇಳಿದವರಿರಲಿಲ್ಲ, ಹೇಳಿಸಿಕೊಂಡವರೇ ಎಲ್ಲ. ಹಾಗಾದರೆ ತನಗೆ ಒಂದೇ ಒಂದು ಅಧಿಕಾರ ಸಾಕು, ಅದರೊಳಗೆ ಯಾರನ್ನು ಸೇರಿಸಬೇಕೆಂದು ತಾನು ತೀರ್ಮಾನಿಸುತ್ತೇನೆ ಎಂದಳು ಮೇಡಂ. ಕಲಂ ಮೇಷ್ಟ್ರು ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. ವಾಣಿಜ್ಯದವರಿಗೆ ವ್ಯಾಪಾರ ಕಂಡರೆ ಗೊತ್ತಾಗುತ್ತದೆ.

"ಫೇಲಾದೋರಿಗೆ ತಲೆ ಬಂತು ಅನ್ನಿ," ಎಂದು ಮೆಲ್ಲಗೆ ಹೇಳಿ, ನಡಾವಳಿಯಲ್ಲಿ ಬರೆದುಕೊಂಡರು. ಲೈಬ್ರರಿಯನ್ ತಲೆಯಾಡಿಸಿದರು, ಅದು ಒಪ್ಪಿಗೆಯೋ ತೂಕಡಿಕೆಯೋ ಎಂದು ಯಾರೂ ವಿಚಾರಿಸಲಿಲ್ಲ.

ಈ ಸಲ ಉದ್ಘಾಟನೆ ಆಯಿತು. ವರ್ಷಗಳಿಂದ ಓಡುತ್ತಿದ್ದ ಕಂಪ್ಯೂಟರಿಗೆ ರಿಬ್ಬನ್ ಕಟ್ಟಿ, ಫ್ಯಾನನ್ನು ಪರದೆಯ ಹಿಂದೆ ಅಡಗಿಸಿ, ಪ್ರಿನ್ಸಿಪಾಲರು ಕತ್ತರಿ ಆಡಿಸಿದರು. ನಮ್ಮಲ್ಲೂ ಬಂತು ಎಂದು ಭಾಷಣ ಮಾಡಿದರು. ಸಾಫ್ಟ್‌ವೇರ್ ಅಂದು ಹುಟ್ಟಿತು.

ಮಾರನೆಯ ದಿನ ಮಧ್ಯಾಹ್ನ ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿತು. ವಿದ್ಯಾರ್ಥಿಗಳಿಗೆಂದು ಪ್ರಿನ್ಸಿಪಾಲರು ತಾವೇ ಫೋನಿನಲ್ಲಿ ತೆಗೆದು ಹಾಕಿದ್ದ ಸಂದೇಶದ ವಿಡಿಯೋ ಅಡ್ಡಡ್ಡ ಕಾಣುತ್ತಿತ್ತು. ಅವರು ಫೋನನ್ನು ಅಡ್ಡ ಹಿಡಿದಿದ್ದರು ಎಂಬುದು ಬೇರೆ ಮಾತು. ಇಡೀ ಕಾಲೇಜು ಕತ್ತು ಓರೆ ಮಾಡಿಕೊಂಡು ಅವರನ್ನು ನೋಡುತ್ತಿತ್ತು. ಬಾಗಿಲಲ್ಲೇ ಶುರುವಾಯಿತು. ಜವಾಬ್ದಾರಿ ಎಂದರೇನು ಗೊತ್ತೇ, ಸಂಸ್ಥೆಯ ಮಾನ ಎಂದರೇನು ಗೊತ್ತೇ, ತಾವು ಮೇಷ್ಟ್ರಾಗಿದ್ದ ಕಾಲದಲ್ಲಿ ಹೀಗಿತ್ತೇ? ಮುರಿದ ತಕ್ಕಡಿಗಳು ಕಪಾಟಿನೊಳಗೆ ಸಣ್ಣಗೆ ನಡುಗಿದವು.

ಮೇಡಂ ಎದ್ದು ನಿಂತು, ಅವರಿಗೆ ಸ್ಟೂಲು ಕೊಟ್ಟು, ಮತ್ತೆ ಕೂತು, ಅಳಿಸಿಹೋಗಿದ್ದ ಹೆಸರುಗಳನ್ನು ಒಂದೊಂದಾಗಿ ಟೈಪು ಮಾಡತೊಡಗಿದಳು. ಹೌದು ಸರ್ ಎಂದು ಬೇಕರಿಯವಳ ಹೆಸರು ಹಾಕಿದಳು. ನನ್ನ ತಪ್ಪೇ ಸರ್ ಎಂದು ಗ್ಯಾರೇಜಿನವನ ಹೆಸರು. ಇನ್ನು ಮುಂದೆ ಆಗಲ್ಲ ಸರ್ ಎಂದು ಕೂಸು ಎತ್ತಿಕೊಂಡೇ ಪರೀಕ್ಷೆಗೆ ಓದುವ ಅಕ್ಕತಂಗಿಯರಿಬ್ಬರ ಹೆಸರು. ಪ್ರಿನ್ಸಿಪಾಲರು ಸಂಸ್ಥೆಯ ಮಾನ ಮುಗಿಸಿ ಶಿಸ್ತಿಗೆ ಬರುವ ಹೊತ್ತಿಗೆ ಪರದೆಯ ಅಂಚಿನಲ್ಲಿ ಒಂದು ಹಸಿರು ಚುಕ್ಕೆ ಹತ್ತಿತು. ಬೇಕರಿಯವಳು ಒಳಗೆ ಬಂದು, ಮೊದಲ ಪ್ರಶ್ನೆಯನ್ನು ತಪ್ಪು ಮಾಡಿಯೂ ಆಗಿತ್ತು. ಮೇಡಮ್ಮಿಗೆ ನಗು ಬಂದು, ತುಟಿ ಕಚ್ಚಿಕೊಂಡಳು.

ಪ್ರಿನ್ಸಿಪಾಲರ ದನಿ ಇಳಿಯುತ್ತ ಬಂತು. ಮುಖ ಹಗುರಾಯಿತು. ಕರವಸ್ತ್ರದಿಂದ ಹಣೆ ಒರೆಸಿಕೊಂಡು, ಊಟ ಆಯಿತಾ, ನಿಮ್ಮ ಅತ್ತೆಯ ಕಿವಿ ಈಗ ಹೇಗಿದೆ ಎಂದು ಕೇಳಿದರು. ಚೆನ್ನಾಗಿದೆ ಎಂದು ಮೇಡಂ ಹೇಳಿ, ಪಟ್ಟಿಯ ಕೊನೆ ನೋಡಿದಳು.

"ಇನ್ನೂ ಸ್ವಲ್ಪ ಬೈಯೋದಿದ್ಯಾ ಸರ್? ಇಬ್ಬರ ಹೆಸರು ಉಳಿದಿದೆ."

ಪ್ರಿನ್ಸಿಪಾಲರು ಒಂದು ಕ್ಷಣ ಯೋಚಿಸಿ, ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು, ವಿಡಿಯೋದಲ್ಲಿ ತಮ್ಮ ದನಿಯೂ ಸಣ್ಣದಾಗಿ ಕೇಳುತ್ತಿದೆಯಲ್ಲ, ಅದು ಯಾಕೆ ಎಂದು ಶುರುಮಾಡಿದರು.